ತ್ಸಾವೋ ಆನೆ ನೋಡುವ ಮುಂಚೆ ವೊಯಿ ಊರು ನೋಡಿ

ಕೀನ್ಯಾಕ್ಕೆ ಹೊರಟವರಿಗೆ ಟೂರಿನವರು ಹಾಕಿಕೊಡುವ ಪ್ಲಾನು ಹೆಚ್ಚುಕಮ್ಮಿ ಒಂದೇ. ನೈರೋಬಿಯಲ್ಲಿ ಇಳಿ, ಜೀಪು ಹತ್ತು, ಕಾಡಿನೊಳಗಿನ ಲಾಡ್ಜಿಗೆ ಹೋಗು, ಸಿಂಹ ನೋಡು, ವಾಪಸ್ ಬಾ. ಸಿರಸಿ, ಕಾರವಾರ ಕಡೆಯವರಿಗೆ ನಾನು ಹೇಳುವುದು ಬೇರೆ. ತ್ಸಾವೋ ಈಸ್ಟ್ ಪಾರ್ಕ್ ಆರಿಸಿಕೊಳ್ಳಿ, ಅದರ ಗೇಟಿನ ಹತ್ತಿರವೇ ಇರುವ ವೊಯಿ ಊರಲ್ಲಿ ಎರಡು ರಾತ್ರಿ ಉಳಿಯಿರಿ. ದಾಂಡೇಲಿ, ಜೊಯಿಡಾ ಗೊತ್ತಿದ್ದವರಿಗೆ ಈ ಊರು ಬೇಗ ಅರ್ಥವಾಗುತ್ತದೆ.

ಮೊದಲು ಕಾಗದಪತ್ರ. 2024ರ ಜನವರಿಯಿಂದ ಕೀನ್ಯಾಕ್ಕೆ ವೀಸಾ ಇಲ್ಲ, ಆದರೆ ಇಟಿಎ ಅಂತ ಒಂದು ಅನುಮತಿ ಆನ್‌ಲೈನಲ್ಲಿ ಪಡೆಯಲೇಬೇಕು. ಹಳದಿ ಜ್ವರದ ಚುಚ್ಚುಮದ್ದನ್ನು ಹೊರಡುವ ಹತ್ತು ದಿನ ಮುಂಚೆಯಾದರೂ ಹಾಕಿಸಿಕೊಳ್ಳಿ. ಅದು ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ. ಕಾರ್ಡ್ ಇಲ್ಲದೆ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಹಿಡಿದು ಕ್ವಾರಂಟೈನಿಗೆ ಹಾಕುತ್ತಾರೆ. ಮಲೇರಿಯಾ ಮಾತ್ರೆ ಡಾಕ್ಟರ ಹತ್ತಿರ ಕೇಳಿ. ಇನ್ನೊಂದು, ಬಟ್ಟೆ ತುಂಬಲು ಪ್ಲಾಸ್ಟಿಕ್ ಕೊಟ್ಟೆ ಒಯ್ಯಬೇಡಿ. 2017ರಿಂದ ಅಲ್ಲಿ ಅದಕ್ಕೆ ನಿಷೇಧ, ದಂಡವೂ ಜೋರು.

ಮುಂಬೈಯಿಂದ ನೈರೋಬಿಗೆ ನೇರ ವಿಮಾನದಲ್ಲಿ ಸುಮಾರು ಆರು ತಾಸು. ಅಲ್ಲಿಂದ ಜೀಪು ಬೇಡ, ಮೊಂಬಾಸಾ ರೈಲು ಹತ್ತಿ, ಬೆಳಗಿನ ಇಂಟರ್-ಕೌಂಟಿ ಗಾಡಿ ವೊಯಿಯಲ್ಲಿ ನಿಲ್ಲುತ್ತದೆ. 2017ರಲ್ಲಿ ಶುರುವಾದ ಈ ಹೊಸ ಹಳಿ ಪಾರ್ಕಿನ ನಡುವೆಯೇ ಎತ್ತರದ ಏರಿಯ ಮೇಲೆ ಹೋಗುತ್ತದೆ, ಆನೆಗಳು ದಾಟಲು ಕೆಳಗೆ ದಾರಿ ಬಿಟ್ಟಿದ್ದಾರೆ. ಕಿಟಕಿ ಪಕ್ಕ ಕೂತರೆ ಟಿಕೆಟ್ ದುಡ್ಡಿನಲ್ಲೇ ಅರ್ಧ ಸಫಾರಿ.

ಪಾರ್ಕು ಇದ್ದದ್ದಕ್ಕೆ ಊರು ಬೆಳೆಯಿತು ಅಂದುಕೊಳ್ಳಬೇಡಿ. ದಾಂಡೇಲಿಯನ್ನು ಪೇಪರ್ ಮಿಲ್ಲು ಬೆಳೆಸಿದ ಹಾಗೆ ವೊಯಿಯನ್ನು ಬೆಳೆಸಿದ್ದು ರೈಲು. 1896ರಲ್ಲಿ ಮೊಂಬಾಸಾದಿಂದ ಬ್ರಿಟಿಷರು ಹಳಿ ಹಾಕಲು ಶುರುಮಾಡಿದರು. ಅದಕ್ಕೆ ನಮ್ಮ ದೇಶದಿಂದ ಕರೆದೊಯ್ದ ಕೂಲಿಗಳೇ ಸುಮಾರು 32,000, ಹೆಚ್ಚಿನವರು ಪಂಜಾಬಿನವರು. ಅವರಲ್ಲಿ ಸುಮಾರು 2,500 ಜನ ಅಲ್ಲೇ ಸತ್ತರು. ತ್ಸಾವೋ ನದಿಯ ಸೇತುವೆ ಕಟ್ಟುವಾಗ, 1898ರಲ್ಲಿ, ಎರಡು ಸಿಂಹಗಳು ಡೇರೆಗೆ ನುಗ್ಗಿ ಕೂಲಿಗಳನ್ನು ಎಳೆದೊಯ್ದ ಕತೆ ಎಲ್ಲರಿಗೂ ಗೊತ್ತು, ರೋಗಕ್ಕೆ ಹೋದವರ ಕತೆ ಯಾರೂ ಹೇಳುವುದಿಲ್ಲ. ಆಮೇಲೆ ಸುತ್ತಮುತ್ತ ಕತ್ತಾಳೆ ಎಸ್ಟೇಟುಗಳು ಬಂದವು. ಪಾರ್ಕು ಆದದ್ದು 1948ರಲ್ಲಿ. ಈಗ ಮೊಂಬಾಸಾ ಹೆದ್ದಾರಿಯ ಲಾರಿಗಳು ಇಲ್ಲಿ ನಿಲ್ಲುತ್ತವೆ, ತವೇಟಾ ಕಡೆ, ಅಂದರೆ ತಾಂಜಾನಿಯಾ ಗಡಿಗೆ ಹೋಗುವ ರಸ್ತೆಯೂ ಇಲ್ಲೇ ಒಡೆಯುತ್ತದೆ. ಹಾಗಾಗಿ ಸಂಜೆ ಹೊತ್ತಿಗೆ ಬಜಾರಿನಲ್ಲಿ ಟೂರಿಸ್ಟರಿಗಿಂತ ಡ್ರೈವರುಗಳೇ ಜಾಸ್ತಿ.

ವೊಯಿ ಇರುವ ತೈತಾ-ತವೇಟಾ ಕೌಂಟಿಯ, ಅಂದರೆ ಜಿಲ್ಲೆಯ, ನೆಲದಲ್ಲಿ ನೂರಕ್ಕೆ ಅರುವತ್ತಕ್ಕಿಂತ ಜಾಸ್ತಿ ಪಾರ್ಕಿನ ಪಾಲು. ಉಳಿದದ್ದರಲ್ಲೂ ದೊಡ್ಡ ದೊಡ್ಡ ಎಸ್ಟೇಟು, ದನ ಸಾಕುವ ರಾಂಚುಗಳಿವೆ. ಪಕ್ಕದ ತ್ಸಾವೋ ವೆಸ್ಟ್ ಪಾರ್ಕಿನ ಮ್ಜಿಮಾ ಬುಗ್ಗೆಯ ನೀರು ಪೈಪಿನಲ್ಲಿ ಮೊಂಬಾಸಾಕ್ಕೆ ಹೋಗುತ್ತದೆ. ನೆಲ ಕಾಡಿಗೆ, ನೀರು ಬೇರೆ ಊರಿಗೆ. ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾ?

ಒಂದು ಬೆಳಿಗ್ಗೆ ವೊಯಿ ಹತ್ತಿರದ ಸಗಲ್ಲಾ ಕಡೆ ಹೋಗಿ. ಅಲ್ಲಿ ಗೋವಿನಜೋಳದ ಹೊಲಕ್ಕೆ ಆನೆ ನುಗ್ಗದಂತೆ ಜೇನು ಪೆಟ್ಟಿಗೆಯ ಬೇಲಿ ಕಟ್ಟಿದ್ದಾರೆ. ಸುಮಾರು ಹತ್ತು ಮೀಟರಿಗೆ ಒಂದರಂತೆ ಗೂಟದ ನಡುವೆ ಪೆಟ್ಟಿಗೆ ತೂಗುಹಾಕಿ, ಎಲ್ಲಕ್ಕೂ ಒಂದೇ ತಂತಿ ಪೋಣಿಸಿರುತ್ತಾರೆ. ನಡುನಡುವೆ ಖಾಲಿ ಹಲಗೆಯ ಸುಳ್ಳು ಪೆಟ್ಟಿಗೆಗಳೂ ಇರುತ್ತವೆ, ಖರ್ಚು ಉಳಿಸಲು. ಆನೆ ತಂತಿ ದೂಡಿತು ಅಂದರೆ ಸಾಲಿಗೆ ಸಾಲೇ ಅಲ್ಲಾಡಿ ಜೇನು ಎದ್ದುಬಿಡುತ್ತದೆ. ಬೆಳೆಯೂ ಉಳಿಯಿತು, ಮಾರಲು ಜೇನುತುಪ್ಪವೂ ಸಿಕ್ಕಿತು. ಮುಂಡಗೋಡ, ಹಳಿಯಾಳ ಕಡೆಯ ಗದ್ದೆಯವರು ನೋಡಲೇಬೇಕಾದ ಬೇಲಿ ಇದು. ಆದರೆ ಅಲ್ಲಿಯ ಜೇನು ಭಾರಿ ಸಿಟ್ಟಿನದ್ದು. ನಮ್ಮ ಸಾಧು ತುಡುವೆ ಜೇನಿಗೆ ಆನೆ ಅಷ್ಟು ಹೆದರುತ್ತದೋ ಇಲ್ಲವೋ, ನನಗಂತೂ ಅನುಮಾನ. ಊರಿನ ಗೈಡ್ ಒಬ್ಬರನ್ನು ಕರೆದುಕೊಂಡೇ ಹೋಗಿ, ಬೇಲಿ ಹತ್ತಿರ ಸೆಲ್ಫಿ ಗಿಲ್ಫಿ ಬೇಡ.

ಊಟದ ಚಿಂತೆ ಬೇಡ. ಚಪಾತಿ ಎಲ್ಲ ಹೋಟೆಲಿನಲ್ಲೂ ಇದೆ, ರಾಜ್ಮಾ ಕಾಳಿನ ಸಾರು ಇದೆ, ಸುಕುಮಾ ವಿಕಿ ಅನ್ನುವ ಸೊಪ್ಪಿನ ಪಲ್ಯ ಇದೆ. ಮಾಂಸ ತಿನ್ನದವರು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಸಾರು ಯಾವುದರದ್ದು ಅಂತ ತಿಂದ ಮೇಲೆ ಗೊತ್ತಾಗುತ್ತದೆ. ಉಗಾಲಿ ಮುದ್ದೆಗೆ ಅಪ್ಪೆಮಿಡಿ ಒಳ್ಳೆ ಜೋಡಿ, ಬಾಟಲಿಯನ್ನು ದೊಡ್ಡ ಬ್ಯಾಗಿನಲ್ಲಿ ಗಟ್ಟಿ ಸುತ್ತಿ ಇಡಿ. ದುಡ್ಡಿಗೆ ಎಂ-ಪೆಸಾ, ಅಂದರೆ ಮೊಬೈಲಿನಲ್ಲೇ ದುಡ್ಡು ಕೊಡುವ ವ್ಯವಸ್ಥೆ, ಮಾಡಿಸಿಕೊಳ್ಳಿ. ಪಾಸ್‌ಪೋರ್ಟ್ ತೋರಿಸಿ ಸಫಾರಿಕಾಮ್ ಸಿಮ್ ತಗೊಂಡರೆ ಆಯಿತು, ಬೋಡಾಬೋಡಾ ಅನ್ನುವ ಬಾಡಿಗೆ ಬೈಕಿನವನಿಂದ ಹಿಡಿದು ತರಕಾರಿ ಮಾರುವ ಅಮ್ಮನವರೆಗೆ ಎಲ್ಲರೂ ಅದರಲ್ಲೇ ತಗೊಳ್ಳುತ್ತಾರೆ. ನಮ್ಮಲ್ಲಿ ಫೋನ್‌ಪೇ ಬರುವ ಎಷ್ಟೋ ವರ್ಷ ಮುಂಚೆ, 2007ರಿಂದಲೇ, ಬಟನ್ ಫೋನಿನಲ್ಲಿ ಇದು ನಡೆಯುತ್ತಿದೆ.

ಪಾರ್ಕಿಗೆ ಮೂರನೇ ದಿನ ಹೋಗಿ. ಶುಲ್ಕ ಆನ್‌ಲೈನಲ್ಲೇ ಕಟ್ಟಬೇಕು, ಗೇಟಿನಲ್ಲಿ ನಗದು ನಡೆಯುವುದಿಲ್ಲ. ಜೂನ್‌ನಿಂದ ಅಕ್ಟೋಬರ್ ಒಣ ಕಾಲ. ಆಗ ಅರುಬಾ ಡ್ಯಾಮಿನ ಹತ್ತಿರ ಕಾದರೆ ಆನೆಗಳು ನೀರಿಗೆ ಅಲ್ಲಿಗೇ ಬರುತ್ತವೆ. ಕೆಮ್ಮಣ್ಣು ಮೈಗೆರಚಿಕೊಂಡು ಅವುಗಳ ಬಣ್ಣವೇ ಕೆಂಪು. ಬಿಳಿ ಅಂಗಿ ಹಾಕಿಕೊಂಡು ಹೋದರೆ ನಿಮ್ಮದೂ ಅದೇ ಗತಿ. ವಾಪಸ್ ರೈಲಿನ ಟಿಕೆಟ್ ಮಾತ್ರ ಹೋಗುವಾಗಲೇ ಮಾಡಿಸಿಡಿ, ರಜೆಯ ದಿನಗಳಲ್ಲಿ ಸೀಟು ಸಿಗುವುದು ಕಷ್ಟ.