ಕಾರಿನ ಹಿಂಬದಿ ಇಕ್ಕಟ್ಟಾಗಿದ್ದಾಗ ಕ್ಯಾರವಾನ್ ಜೋಡಿಸುವ ಕ್ರಮ

ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಬೇಸಿಗೆ ರಜೆಗೆ ಕ್ಯಾರವಾನ್ (ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಯಂಥ ಗಾಡಿ) ಎಳೆದುಕೊಂಡು ಕಾರ್ನ್‌ವಾಲ್‌ಗೋ ವೇಲ್ಸ್‌ಗೋ ಹೊರಡುವವರು ಈಗ ಅಲ್ಲಲ್ಲಿ ಕಾಣಸಿಗುತ್ತಾರೆ. ಊರಿನಲ್ಲಿ ಟ್ರ್ಯಾಕ್ಟರಿಗೆ ಟ್ರೇಲರ್ ಜೋಡಿಸಿ ರೂಢಿಯಿದ್ದವರು ಇದನ್ನೂ ಅದೇ ಲೆಕ್ಕದಲ್ಲಿ ನೋಡುವುದುಂಟು. ಅಲ್ಲಿ ಬಳೆಯೊಳಗೆ ಪಿನ್ನು ಇಳಿಸಿದರೆ ಕೆಲಸ ಮುಗಿಯಿತು, ಸುತ್ತಲೂ ಕೈಯಾಡಿಸಲು ಬೇಕಾದಷ್ಟು ಜಾಗವೂ ಇರುತ್ತದೆ. ಇಲ್ಲಿಯಾದರೋ ಟೋಬಾಲ್, ಅಂದರೆ ಕ್ಯಾರವಾನನ್ನು ಜೋಡಿಸುವ ಉಕ್ಕಿನ ಗುಂಡು, ಬಂಪರಿಗೆ ಅಂಟಿಕೊಂಡಂತೆ ಕೂತಿರುತ್ತದೆ. ಮೇಲೆ ಡಿಕ್ಕಿಯ ಬಾಗಿಲು, ಕೆಲವು ಕಾರುಗಳಲ್ಲಿ ಆ ಬಾಗಿಲಿಗೇ ನೇತುಹಾಕಿದ ಸ್ಟೆಪ್ನಿ, ಕೆಳಗೆ ವಿದ್ಯುತ್ ಸಾಕೆಟ್ಟು, ಇವುಗಳ ನಡುವೆ ಕ್ಯಾರವಾನಿನ ಹಿಚ್ (ಗುಂಡನ್ನು ಹಿಡಿದುಕೊಳ್ಳುವ ಕೊಂಡಿ) ಬಂದು ಕೂರಬೇಕು, ಅದರ ಹಿಡಿ ಏಳಬೇಕು, ಇಳಿಯಬೇಕು. ಈ ಜಾಗವನ್ನು ಜೋಡಿಸುವ ಹೊತ್ತಿನಲ್ಲಿ ಒತ್ತಿ ನೂಕಿ ಗಿಟ್ಟಿಸಿಕೊಳ್ಳಲು ಆಗುವುದಿಲ್ಲ. ಯಾವ ಟೋಬಾಲ್ ಹಾಕಿಸಿದ್ದೀರಿ ಮತ್ತು ಯಾವ ಕೆಲಸವನ್ನು ಯಾವುದರ ನಂತರ ಮಾಡುತ್ತೀರಿ ಎಂಬುದರಲ್ಲಿಯೇ ಅದು ಬಹುಮಟ್ಟಿಗೆ ತೀರ್ಮಾನವಾಗಿಬಿಟ್ಟಿರುತ್ತದೆ.

ಮೊದಲು ಅಳತೆ

ಯುರೋಪಿನ ಟೋಬಾಲ್‌ನ ವ್ಯಾಸ 50 ಮಿಲಿಮೀಟರ್. ಕಾರಿನಲ್ಲಿ ಪೂರ್ತಿ ಹೊರೆ ಇರುವಾಗ ನೆಲದಿಂದ ಗುಂಡಿನ ಕೇಂದ್ರದವರೆಗಿನ ಎತ್ತರ 350ರಿಂದ 420 ಮಿಲಿಮೀಟರ್ ಒಳಗಿರಬೇಕು. ಇವೆರಡನ್ನು ಟೋಬಾರ್ (ಗುಂಡನ್ನು ಹೊರುವ, ಕಾರಿಗೆ ಬಿಗಿದ ಉಕ್ಕಿನ ಚೌಕಟ್ಟು) ಕೂರಿಸುವವರು ನೋಡಿಕೊಂಡಿರುತ್ತಾರೆ. ಅವರು ನೋಡದೆ ಬಿಡುವ ಅಳತೆಯೊಂದಿದೆ, ಅದು ಗುಂಡಿನ ಕೇಂದ್ರದಿಂದ ಕಾರಿನ ಕಡೆಗಿರುವ ಬಿಡುವು. ಇತ್ತೀಚಿನ ಬಹುಪಾಲು ಕ್ಯಾರವಾನುಗಳಲ್ಲಿ ಓಲಾಟ ತಡೆಯುವ ಸ್ಟೆಬಿಲೈಸರ್ ಹಿಚ್ಚಿನೊಳಗೇ ಸೇರಿಕೊಂಡಿರುತ್ತದೆ. ಆಲ್‌ಕೋ ಕಂಪನಿಯ ಎಕೆಎಸ್ 3004 ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು. ಸಾದಾ ಹಿಚ್ಚಿಗಿಂತ ಅದರ ತಲೆ ದಪ್ಪ, ಆದ್ದರಿಂದ ಗುಂಡಿನ ಕೇಂದ್ರದಿಂದ ಕಾರಿನ ಕಡೆಗೆ ಕನಿಷ್ಠ 60 ಮಿಲಿಮೀಟರ್ ಬರಿದಾಗಿರಬೇಕು. ಎರಡು ಬೋಲ್ಟುಗಳಿಂದ ತಟ್ಟೆಗೆ ಬಿಗಿಯುವ ಹಳೆಯ ಮಾದರಿಯ ಟೋಬಾಲ್‌ನ ಕುತ್ತಿಗೆ ಗಿಡ್ಡವಾಗಿರುವುದರಿಂದ ಇಷ್ಟು ಬಿಡುವು ಸಿಗುವುದಿಲ್ಲ. ಅದಕ್ಕೆಂದೇ ಉದ್ದ ಕುತ್ತಿಗೆಯ ಟೋಬಾಲ್ ಮಾರುತ್ತಾರೆ. ಬಾತುಕೋಳಿಯ ಕತ್ತಿನಂತೆ ಕೆಳಗಿನಿಂದ ಬಾಗಿ ಬರುವ, ಬಿಚ್ಚಿಡಬಹುದಾದ ಮಾದರಿಯಲ್ಲಿ ಈ ತೊಂದರೆ ಸಾಮಾನ್ಯವಾಗಿ ಇರುವುದಿಲ್ಲ.

ಇದರ ಬದಲು ಟೋಬಾಲ್ ಮತ್ತು ತಟ್ಟೆಯ ನಡುವೆ ಕಬ್ಬಿಣದ ತುಂಡೊಂದನ್ನಿಟ್ಟು, ಉದ್ದನೆಯ ಬೋಲ್ಟು ಹಾಕಿ ಗುಂಡನ್ನು ಹೊರಕ್ಕೆ ತರುವ ಉಪಾಯವನ್ನು ಯಾರಾದರೂ ಸೂಚಿಸಿದರೆ ಒಪ್ಪಿಕೊಳ್ಳಬೇಡಿ. ಗುಂಡು ಹೊರಕ್ಕೆ ಸರಿದಷ್ಟೂ ಕ್ಯಾರವಾನಿನ ಮೂಗಿನ ಭಾರ (ಅದರ ಮುಂತುದಿ ಗುಂಡಿನ ಮೇಲೆ ಹೇರುವ ಭಾರ) ಟೋಬಾರನ್ನು ತಿರುಚುವ ಬಲ ಹೆಚ್ಚುತ್ತದೆ, ಬೋಲ್ಟುಗಳ ಮೇಲೆ ಅವು ತಾಳಬೇಕಾದುದಕ್ಕಿಂತ ಬೇರೆ ಬಗೆಯ ಒತ್ತಡ ಬೀಳುತ್ತದೆ. ಬ್ರಿಟನ್ನಿನಲ್ಲಿ 1998ರ ಆಗಸ್ಟ್ 1ರಿಂದ ಈಚೆಗೆ ನೋಂದಣಿಯಾದ ಕಾರುಗಳಿಗೆ ಅನುಮೋದನೆ ಪಡೆದ ಟೋಬಾರನ್ನೇ ಹಾಕಬೇಕೆಂಬ ನಿಯಮವಿದೆ. ಆ ಅನುಮೋದನೆ ಸಿಕ್ಕಿರುವುದು ತಯಾರಕರು ಪರೀಕ್ಷೆ ಮಾಡಿದ ಜೋಡಣೆಗೇ ಹೊರತು ನಡುವೆ ನಾವು ತುರುಕಿದ ತುಂಡಿಗಲ್ಲ. ಬಂಪರಿಗೆ ಗೀರು ಬೀಳದಿರಲೆಂದು ಇದೇ ಜಾಗದಲ್ಲಿ ಹಾಕುವ ತಗಡಿನ ಅಡ್ಡತಟ್ಟೆಯನ್ನೂ ಉದ್ದ ಕುತ್ತಿಗೆಯ ಟೋಬಾಲ್ ಇದ್ದರೆ ತೆಗೆದುಬಿಡುವುದು ಮೇಲು.

ಕ್ಯಾರವಾನ್ ಕೊಳ್ಳುವ ಮೊದಲೇ ಬಿಡುವನ್ನು ಪರೀಕ್ಷಿಸಲು ಒಂದು ರಟ್ಟಿನ ಹಾಳೆ ಸಾಕು. ಹಿಚ್ಚಿನ ಪಕ್ಕಕ್ಕೆ ರಟ್ಟನ್ನು ಹಿಡಿದು ಅದರ ಆಕಾರವನ್ನು ಪೆನ್ಸಿಲಿನಿಂದ ಗೀಚಿಕೊಳ್ಳಬೇಕು. ಹಿಡಿ ಮಲಗಿರುವಾಗ ಒಂದು ಗೆರೆ, ಪೂರ್ತಿ ಮೇಲೆತ್ತಿರುವಾಗ ಇನ್ನೊಂದು ಗೆರೆ. ಹೊರಗಿನ ಗೆರೆಯ ಮೇಲೆ ಕತ್ತರಿಸಿ, ಗುಂಡಿನ ಜಾಗದಲ್ಲಿ ಅರ್ಧ ತೂತು ಮಾಡಿ, ಕಾರಿನ ಟೋಬಾಲ್ ಮೇಲೆ ಕೂರಿಸಿ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಬೇಕು. ನೇರವಾಗಿದ್ದಾಗ ಸಲೀಸಾಗಿ ಕೂರುವ ರಟ್ಟು ಓರೆಯಾದೊಡನೆ ಬಂಪರಿನ ಅಂಚಿಗೆ ತಗುಲುತ್ತದೆಯೇ ಎಂಬುದು ಅಲ್ಲಿಯೇ ತಿಳಿದುಹೋಗುತ್ತದೆ. ಸುಝುಕಿ ಜಿಮ್ನಿ, ಲ್ಯಾಂಡ್ ರೋವರ್ ಡಿಫೆಂಡರ್ ಮುಂತಾದ, ಸ್ಟೆಪ್ನಿಯನ್ನು ಹಿಂಬಾಗಿಲಿನ ಮೇಲೆ ಹೊತ್ತ ಕಾರುಗಳಲ್ಲಿ ಮೇಲೆತ್ತಿದ ಹಿಡಿಯ ಗೆರೆಯನ್ನು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಹಿಡಿಗೆ ಅಡ್ಡಬರುವುದು ಬಂಪರಿಗಿಂತ ಹೆಚ್ಚಾಗಿ ಆ ಚಕ್ರವೇ.

ನಿಂತಾಗ ಇರುವ ಜಾಗ ಚಲಿಸುವಾಗ ಇರುವುದಿಲ್ಲ

ಅಂಗಳದಲ್ಲಿ ಎರಡೂ ಸಮವಾಗಿ ನಿಂತಿರುವಾಗ ನಾಲ್ಕು ಬೆರಳು ಜಾಗ ಇದೆಯೆಂದು ಸಮಾಧಾನಪಟ್ಟುಕೊಳ್ಳುವ ಹಾಗಿಲ್ಲ. ಹಿಚ್ಚಿನ ಹಿಂದೆ ರಬ್ಬರ್ ಗವಸಿನೊಳಗೆ ಜಾರುವ ಕೊಳವೆಯೊಂದಿದೆ. ಕಾರು ಬ್ರೇಕ್ ಹಾಕಿದಾಗ ಕ್ಯಾರವಾನ್ ಮುಂದಕ್ಕೆ ತಳ್ಳಿ ಬರುತ್ತದೆ, ಕೊಳವೆ ಒಳಕ್ಕೆ ಜಾರುತ್ತದೆ, ಅದೇ ಜಾರುವಿಕೆಯಿಂದ ಕ್ಯಾರವಾನಿನ ಬ್ರೇಕ್ ಹಿಡಿಯುತ್ತದೆ. ಅಂದರೆ ಹಿಚ್ಚಿನ ತಲೆ ಗುಂಡಿನ ಮೇಲೆ ಅಲುಗದೆ ಕೂತಿದ್ದರೂ ಅದರ ಹಿಂದಿರುವ ಜಾಕಿ ಚಕ್ರದ (ಮೂಗನ್ನು ಏರಿಸಿ ಇಳಿಸುವ ಪುಟ್ಟ ಚಕ್ರದ) ತಿರುಗುಹಿಡಿ, ಹ್ಯಾಂಡ್‌ಬ್ರೇಕಿನ ಸನ್ನೆ, ಮುಂಭಾಗದ ಪ್ಲಾಸ್ಟಿಕ್ ಹೊದಿಕೆ ಎಲ್ಲವೂ ಕಾರಿನ ಹತ್ತಿರಕ್ಕೆ ಬರುತ್ತವೆ. ಹಿಂದಕ್ಕೆ ಚಲಿಸುವಾಗಲೂ ಹೀಗೆಯೇ ಆಗುತ್ತದೆ. ಆದ್ದರಿಂದ ಗವಸು ಪೂರ್ತಿ ಕುಗ್ಗಿದ ಸ್ಥಿತಿಯನ್ನು ಲೆಕ್ಕಕ್ಕೆ ಹಿಡಿದೇ ಬಿಡುವನ್ನು ಅಳೆಯಬೇಕು.

ಮೇಲು–ಕೆಳಗಿನ ಬಾಗು ಇನ್ನೂ ಸೂಕ್ಷ್ಮವಾದದ್ದು. ಮೂಗಿನ ಭಾರ ಹೆಚ್ಚಾದರೆ ಕಾರಿನ ಹಿಂಭಾಗ ಕುಸಿಯುತ್ತದೆ. ಕುಸಿದಾಗ ಕಾರಿನ ಬಾಗಿಲಿನ ಮೇಲ್ಭಾಗ ಹಿಂದಕ್ಕೂ ಕ್ಯಾರವಾನಿನ ಮುಖ ಮುಂದಕ್ಕೂ ವಾಲುವುದರಿಂದ ಗುಂಡಿನಿಂದ ಮೇಲಕ್ಕೆ ಹೋದಷ್ಟೂ ಎರಡರ ನಡುವಿನ ಅಂತರ ಕಿರಿದಾಗುತ್ತದೆ. ತುಂಬಿದ ಕ್ಯಾರವಾನಿನ ತೂಕದಲ್ಲಿ ನೂರಕ್ಕೆ 5ರಿಂದ 7ರಷ್ಟು ಮೂಗಿನ ಮೇಲಿರಲಿ ಎಂಬುದು ವಾಡಿಕೆಯ ಸೂತ್ರ. ಆದರೆ ಕಾರಿನ ಟೋಬಾರಿಗೂ ಹಿಚ್ಚಿಗೂ ತಯಾರಕರು ಕೊಟ್ಟಿರುವ ಮಿತಿಗಳಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. ಗ್ಯಾಸ್ ಸಿಲಿಂಡರುಗಳಿರುವ ಮುಂದಿನ ಪೆಟ್ಟಿಗೆಗೆ ನೀರಿನ ಕ್ಯಾನು, ಸರಂಜಾಮು ಎಲ್ಲವನ್ನೂ ತುಂಬುವ ಅಭ್ಯಾಸವಿದ್ದವರಿಗೆ ಬಿಡುವು ಏಕೆ ಕಡಿಮೆಯಾಗಿದೆ ಎಂಬುದಕ್ಕೆ ಉತ್ತರ ಆ ಪೆಟ್ಟಿಗೆಯಲ್ಲೇ ಸಿಗಬಹುದು.

ರಸ್ತೆಯೂ ಇದೇ ಬಾಗನ್ನು ತರುತ್ತದೆ. ಹಡಗಿನ ಏರುಹಲಗೆಯನ್ನು ಕಾರು ಏರತೊಡಗಿ ಕ್ಯಾರವಾನ್ ಇನ್ನೂ ಸಮನೆಲದಲ್ಲಿರುವಾಗ ಮೇಲಿನ ಅಂತರ ಮುಚ್ಚಿಕೊಳ್ಳುತ್ತದೆ. ದಿಬ್ಬದ ನೆತ್ತಿಯನ್ನು ದಾಟುವಾಗ ಕೆಳಗಿನ ಅಂತರ ಮುಚ್ಚಿಕೊಂಡು ಸಾಕೆಟ್ಟೂ ಕೇಬಲ್ಲುಗಳೂ ಸಿಕ್ಕಿಬೀಳಬಹುದು. ಮನೆಯ ಮುಂದಿನ ಇಳಿಜಾರಿನಿಂದ ರಸ್ತೆಗೆ ಇಳಿಯುವಾಗ ಎರಡೂ ಒಂದರ ಹಿಂದೊಂದು ಬರುತ್ತವೆ. ಅಲ್ಲಿ ಮೊದಲ ಸಲ ಇನ್ನೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿ, ನಡಿಗೆಗಿಂತ ನಿಧಾನವಾಗಿ ಹೋಗಿ ನೋಡಿಸಿಕೊಳ್ಳುವುದು ಒಳ್ಳೆಯದು.

ಜೋಡಿಸುವ ಕೆಲಸ

ಡಿಕ್ಕಿಯೊಳಗೆ ಹೋಗಬೇಕಾದ ಸಾಮಾನೆಲ್ಲ ಮೊದಲೇ ಹೋಗಿಬಿಡಲಿ. ಜೋಡಿಸಿದ ಮೇಲೆ ಬಾಗಿಲು ಅರ್ಧವಷ್ಟೇ ತೆರೆಯುತ್ತದೆ ಅಥವಾ ತೆರೆಯುವುದೇ ಇಲ್ಲ. ಪಕ್ಕಕ್ಕೆ ತೆರೆಯುವ ಹಿಂಬಾಗಿಲಾದರೆ ಅದನ್ನು ಮರೆತೇಬಿಡಬೇಕು. ದಾರಿಯಲ್ಲಿ ಬೇಕಾಗುವ ಊಟದ ಡಬ್ಬಿ, ಮಕ್ಕಳ ಬಟ್ಟೆ, ಕಾಗದಪತ್ರಗಳನ್ನು ಸೀಟಿನ ಬಳಿ ಇಟ್ಟುಕೊಳ್ಳುವುದು ಇದರಿಂದಾಗಿಯೇ ಅನಿವಾರ್ಯ.

ಬಂಪರಿನ ಕೆಳಗೆ ಕಾಲಾಡಿಸಿದರೆ ತಾನೇ ತೆರೆದುಕೊಳ್ಳುವ ವಿದ್ಯುತ್ ಡಿಕ್ಕಿ ಇದ್ದರೆ ಆ ಸೌಲಭ್ಯವನ್ನು ಪರದೆಯ ಮೆನುವಿನಲ್ಲಿ ನಿಲ್ಲಿಸಿಡಬೇಕು. ಕೇಬಲ್ಲು ಸಿಕ್ಕಿಸಲು ನೀವು ಬಗ್ಗಿ ಕೂತಾಗ ಕೀಲಿ ಜೇಬಿನಲ್ಲಿರುತ್ತದೆ, ಪಾದ ಬಂಪರಿನಡಿ ಹೋಗುತ್ತದೆ, ಬಾಗಿಲು ಎದ್ದು ಬಂದು ಜಾಕಿ ಚಕ್ರದ ತಿರುಗುಹಿಡಿಗೆ ಬಡಿಯುತ್ತದೆ. ಹಿಂದಕ್ಕೆ ಬರುವಾಗ ಅಡ್ಡಿ ಕಂಡರೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆಯಿದ್ದರೆ ಅದನ್ನೂ ಈ ಹೊತ್ತಿಗೆ ನಿಲ್ಲಿಸಬೇಕು, ಇಲ್ಲವಾದರೆ ಕಾರಿಗೆ ಕ್ಯಾರವಾನೇ ಅಡ್ಡಿಯಾಗಿ ಕಾಣುತ್ತದೆ.

ಕ್ಯಾರವಾನಿನ ಹ್ಯಾಂಡ್‌ಬ್ರೇಕ್ ಎಳೆದಿದೆ, ಚಕ್ರಗಳಿಗೆ ಅಡ್ಡ ಕೊಟ್ಟಿದೆ, ನಾಲ್ಕು ಮೂಲೆಯ ಊರುಗಾಲುಗಳು ಮೇಲಿವೆ, ಗ್ಯಾಸ್ ಆರಿಸಿದೆ ಎಂಬುದನ್ನು ನೋಡಿಕೊಂಡ ಮೇಲೆ ಟೋಬಾಲನ್ನು ಒರೆಸಬೇಕು. ಒತ್ತಿ ಹಿಡಿಯುವ ಸ್ಟೆಬಿಲೈಸರ್ ಇದ್ದರೆ ಗುಂಡಿನ ಮೇಲೆ ಗ್ರೀಸೂ ಇರಬಾರದು, ಹೊಸ ಗುಂಡಿನ ಕಪ್ಪು ಬಣ್ಣವೂ ಇರಬಾರದು. ಮರಳುಕಾಗದದಿಂದ ಬಣ್ಣ ಉಜ್ಜಿ, ಬ್ರೇಕ್ ಕ್ಲೀನರ್ ಹಾಕಿ ಒರೆಸಿದರೆ ಬೆಳ್ಳಗೆ ಹೊಳೆಯುವ ಉಕ್ಕು ಕಾಣುತ್ತದೆ, ಅಷ್ಟು ಬೇಕು.

ಕಾರನ್ನು ಗುಂಡು ಹಿಚ್ಚಿನ ನೇರಕ್ಕೆ ಬರುವವರೆಗೂ ಹಿಂದಕ್ಕೆ ತರುವ ಬದಲು ಇನ್ನೂ ಅರ್ಧ ಮೀಟರ್ ದೂರವಿರುವಾಗಲೇ ನಿಲ್ಲಿಸಿ ಇಳಿದು ನೋಡಬೇಕು. ಹಿಚ್ಚಿನ ಹಿಡಿಯನ್ನು ಈಗಲೇ, ಕಾರು ದೂರವಿರುವಾಗಲೇ ಮೇಲೆತ್ತಿ ತೆರೆದ ಸ್ಥಿತಿಯಲ್ಲಿ ನಿಲ್ಲಿಸಿಬಿಟ್ಟರೆ ಬಂಪರಿನ ಕೆಳಗೆ ಬೆರಳು ತೂರಿಸಿ ತಡಕಾಡುವ ಪಾಡು ತಪ್ಪುತ್ತದೆ. ಇಕ್ಕಟ್ಟಿನ ಕಾರಿಗೆ ಇಷ್ಟು ಉಪಕಾರ ಮಾಡುವ ಹೆಜ್ಜೆ ಬೇರೊಂದಿಲ್ಲ. ಜಾಕಿ ಚಕ್ರವನ್ನು ತಿರುಗಿಸಿ ಹಿಚ್ಚನ್ನು ಗುಂಡಿಗಿಂತ ಎರಡು ಬೆರಳು ಎತ್ತರಕ್ಕೆ ಏರಿಸಿ, ತಿರುಗುಹಿಡಿಯ ತುದಿ ಕಾರಿನ ಕಡೆಗಲ್ಲದೆ ಪಕ್ಕಕ್ಕೆ ಬರುವಂತೆ ನಿಲ್ಲಿಸಿ. ಉಳಿದ ಅರ್ಧ ಮೀಟರನ್ನು ಹಿಂಬದಿಯ ಕ್ಯಾಮೆರಾ ನೋಡಿ ಕ್ರಮಿಸಬಹುದು. ಕ್ಯಾರವಾನಿಗೆ ಮೋಟರ್ ಮೂವರ್ (ಉರುಳೆಗಳಿಂದ ಅದರ ಚಕ್ರಗಳನ್ನು ತಿರುಗಿಸುವ ಮೋಟರು) ಇದ್ದರೆ ಕಾರನ್ನು ಅಲುಗಿಸದೆ ರಿಮೋಟ್ ಹಿಡಿದು ಕ್ಯಾರವಾನನ್ನೇ ಇಂಚಿಂಚಾಗಿ ತರುವುದು ಹೆಚ್ಚು ಕ್ಷೇಮ, ಆಗ ನಿಮ್ಮ ಕಣ್ಣು ಅಂತರದ ಮೇಲೆಯೇ ಇರುತ್ತದೆ. ಮೂವರ್ ಬಳಸುವಾಗ ಅಡ್ಡ ತೆಗೆದು ಹ್ಯಾಂಡ್‌ಬ್ರೇಕ್ ಬಿಡಬೇಕು, ಕ್ಯಾರವಾನ್ ಬಂದು ನಿಂತೊಡನೆ ಮತ್ತೆ ಎಳೆಯಬೇಕು.

ಹಿಚ್ ಗುಂಡಿನ ನೇರ ಮೇಲೆ ಬಂದಾಗ ಜಾಕಿ ಚಕ್ರವನ್ನು ಮೇಲಕ್ಕೆ ಸುತ್ತುತ್ತಾ ಇಳಿಸಬೇಕು. ಕ್ಲಿಕ್ ಎಂಬ ಸದ್ದು ಬಂದು, ಹಸಿರು ಗುರುತು ಕಾಣಿಸಿಕೊಂಡರೆ ಹಿಡಿದಿದೆ ಎಂದರ್ಥ. ಅಷ್ಟಕ್ಕೇ ನಂಬದೆ ಜಾಕಿ ಚಕ್ರವನ್ನು ಮತ್ತೆ ಕೆಲವು ಸುತ್ತು ಕೆಳಕ್ಕೆ ಇಳಿಸಿ. ಹಿಚ್ಚಿನೊಡನೆ ಕಾರಿನ ಹಿಂಭಾಗವೂ ಏಳಬೇಕು. ಎದ್ದರೆ ಸರಿ, ಹಿಚ್ ಒಂದೇ ಎದ್ದು ಬಂದರೆ ಮತ್ತೆ ಮೊದಲಿನಿಂದ ಆರಂಭಿಸಬೇಕು. ಆಮೇಲೆ ಚಕ್ರವನ್ನು ಪೂರ್ತಿ ಮೇಲಕ್ಕೆ ಸುತ್ತಿ, ಅದರ ಅಂಚು ತನ್ನ ಕಚ್ಚಿನಲ್ಲಿ ಕೂತಿದೆಯೆಂದು ನೋಡಿ, ಕಂಬವನ್ನು ಎತ್ತಿ ಬಿಗಿಮಾಡಬೇಕು. ಸ್ಟೆಬಿಲೈಸರಿನ ಹಿಡಿಯನ್ನು ಕೊನೆಯವರೆಗೆ ಒತ್ತಿ ಕೂರಿಸಬೇಕು.

ಕ್ಯಾರವಾನ್ ಕಳಚಿಕೊಂಡರೆ ಅದರ ಬ್ರೇಕ್ ಎಳೆಯುವ ಬ್ರೇಕ್‌ಅವೇ ಕೇಬಲ್ಲಿಗೆ ಟೋಬಾರಿನಲ್ಲಿ ಮೀಸಲಾದ ಕಣ್ಣು ಇದ್ದರೆ ಅಲ್ಲಿಗೇ ಸಿಕ್ಕಿಸಿ. ಬಿಚ್ಚಿಡುವ ಟೋಬಾಲ್ ಆಗಿದ್ದರೆ ಅದರ ಕುತ್ತಿಗೆಗೆ ಸುಮ್ಮನೆ ಸುತ್ತುವುದರಲ್ಲಿ ಅರ್ಥವಿಲ್ಲ, ಗುಂಡೇ ಕಳಚಿ ಬಂದರೆ ಕೇಬಲ್ಲೂ ಅದರೊಡನೆ ಬರುತ್ತದೆ. ಇಕ್ಕಟ್ಟಾದ ಹಿಂಬದಿಯಲ್ಲಿ ಈ ಕೇಬಲ್ ಹಿಚ್ ಮತ್ತು ಬಂಪರಿನ ನಡುವೆ ಸಿಕ್ಕಿಕೊಂಡು ತಿರುವಿನಲ್ಲಿ ಬಿಗಿದುಕೊಳ್ಳುವುದುಂಟು. ಬಿಗಿದರೆ ಕ್ಯಾರವಾನಿನ ಬ್ರೇಕ್ ತಾನೇ ಹಿಡಿದುಬಿಡುತ್ತದೆ. ನೆಲ ಮುಟ್ಟದಷ್ಟು, ತಿರುವಿಗೆ ಸಾಕಾಗುವಷ್ಟು ಸಡಿಲವಿರಬೇಕು. 13 ಪಿನ್ನಿನ ಪ್ಲಗ್ಗನ್ನು ಸಾಕೆಟ್ಟಿಗೆ ತೂರಿಸಿ ಬಲಕ್ಕೆ ತಿರುಗಿಸಬೇಕು. ಸಾಕೆಟ್ಟು ಬಂಪರಿನ ಒಳಗೆ ಸೇರಿಕೊಂಡಿದ್ದರೆ ಹಿಚ್ ಇಳಿಸುವ ಮೊದಲೇ ಪ್ಲಗ್ ಹಾಕಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ, ನಾನಂತೂ ಅದನ್ನೇ ಮೇಲೆನ್ನುತ್ತೇನೆ.

ಮೂವರಿನ ಉರುಳೆಗಳನ್ನು ಚಕ್ರಗಳಿಂದ ದೂರ ಸರಿಸಿ, ದೀಪಗಳನ್ನು ಪರೀಕ್ಷಿಸಿ, ಅಡ್ಡ ತೆಗೆದು, ಹ್ಯಾಂಡ್‌ಬ್ರೇಕ್ ಬಿಟ್ಟ ಮೇಲೆ, ಖಾಲಿ ಜಾಗದಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಮೆಲ್ಲಗೆ ಪೂರ್ತಿ ಸ್ಟಿಯರಿಂಗ್ ತಿರುಗಿಸಿ ಮುಂದೆ ಸಾಗಬೇಕು. ಬಂಪರಿನ ಮೂಲೆ ಎಷ್ಟು ಹತ್ತಿರ ಬರುತ್ತದೆ ಎಂಬುದನ್ನು ಹೊರಗೆ ನಿಂತವರು ನೋಡಿ ಹೇಳಲಿ. ಹಿಂದಕ್ಕೆ ಹೋಗುವಾಗ ಕ್ಯಾರವಾನ್ ಮಡಚಿಕೊಂಡರೆ ಗುಂಡು ಬಂಪರಿಗೆ ಹತ್ತಿರವಿರುವ ಕಾರಿನಲ್ಲಿ ಬೇರೆಯವುಗಳಿಗಿಂತ ಬೇಗನೆ ತಗುಲುತ್ತದೆ. ಆದ್ದರಿಂದ ಸೈಟಿನಲ್ಲಿ ಜಾಗಕ್ಕೆ ನಿಲ್ಲಿಸುವಾಗ ಚೂಪಾದ ಕೋನದಲ್ಲಿ ನೂಕುವ ಬದಲು ಮುಂದೆ ಹೋಗಿ ನೇರಮಾಡಿಕೊಂಡು ಮತ್ತೆ ಬನ್ನಿ.

ಬಿಚ್ಚುವಾಗ

ತಲುಪಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ಅಡ್ಡ ಕೊಟ್ಟು, ಜಾಕಿ ಚಕ್ರವನ್ನು ನೆಲಕ್ಕೆ ಇಳಿಸಿ ಬಿಗಿಮಾಡಿ, ಪ್ಲಗ್ಗನ್ನೂ ಬ್ರೇಕ್‌ಅವೇ ಕೇಬಲ್ಲನ್ನೂ ಬಿಡಿಸಬೇಕು. ಆಮೇಲೆ ಸ್ಟೆಬಿಲೈಸರಿನ ಹಿಡಿಯನ್ನು ಬಿಡಿಸಿ, ಹಿಚ್ಚಿನ ಹಿಡಿಯನ್ನು ಎತ್ತಿ ಹಿಡಿದುಕೊಂಡೇ ಚಕ್ರವನ್ನು ಸುತ್ತಿ ಮೂಗನ್ನು ಏರಿಸಬೇಕು. ಇಳಿಜಾರಿನಲ್ಲಿ ನಿಂತಿದ್ದರೆ ಗುಂಡಿನ ಮೇಲೆ ಒತ್ತಡ ಉಳಿದು ಹಿಚ್ ಬಿಡಿಸಿಕೊಳ್ಳದೆ ಕಾಡಬಹುದು. ಆಗ ಹಿಡಿಯನ್ನು ಸುತ್ತಿಗೆಯಿಂದ ಬಡಿಯದೆ ಕಾರನ್ನು ಕೂದಲೆಳೆಯಷ್ಟು ಹಿಂದಕ್ಕೋ ಮುಂದಕ್ಕೋ ಸರಿಸಿದರೆ ಸಡಿಲವಾಗುತ್ತದೆ. ಹಿಚ್ ಗುಂಡಿನಿಂದ ಪೂರ್ತಿ ಮೇಲೆದ್ದುದನ್ನು ಕಣ್ಣಾರೆ ಕಂಡ ಮೇಲೆ ಕಾರನ್ನು ಒಂದೆರಡು ಮೀಟರ್ ಮುಂದಕ್ಕೆ ಒಯ್ದು ನಿಲ್ಲಿಸಿ, ಅನಂತರವೇ ಡಿಕ್ಕಿಯನ್ನು ತೆರೆಯಿರಿ.