ಮಾತ್ರೆ ಕವರ್ ಬಿಚ್ಚಿದ ಮೇಲೆ ಕೂಡಿದ ಲೆಕ್ಕ: ಮಂಡ್ಯದ ಆರೋಗ್ಯ ಖರ್ಚು

ಜೇಬಿನಿಂದ ಹೋದ ದುಡ್ಡನ್ನು ಯಾರೂ ಸರಿಯಾಗಿ ಹೇಳಲ್ಲ, ಜಿಲ್ಲೆ ಮಟ್ಟದಲ್ಲಿ ಆರೋಗ್ಯ ಲೆಕ್ಕ, ಅಂದರೆ ಆರೋಗ್ಯಕ್ಕೆ ಯಾರು ಎಷ್ಟು ಖರ್ಚು ಮಾಡಿದರು ಅನ್ನೋ ಲೆಕ್ಕ, ಆಗದ ಮಾತು ಅಂದವರೇ ಹೆಚ್ಚು. ಆಗುತ್ತೆ. ಮಂಡ್ಯ, ಪಾಂಡವಪುರ ಕಡೆ ಸುಮಾರು 400 ಮನೆ ಹಿಡಿದು ಮಾಡಿದ್ದೇವೆ. ಚೌಕಟ್ಟು ಎಸ್‌ಎಚ್‌ಎ 2011, ಅಂದರೆ ಆರೋಗ್ಯ ಖರ್ಚು ಲೆಕ್ಕ ಹಾಕುವ ಅಂತರರಾಷ್ಟ್ರೀಯ ಪದ್ಧತಿ. ಫಾರಂ ಕೇಂದ್ರ ಸರ್ಕಾರದ ಮನೆಮನೆ ಸಮೀಕ್ಷೆಯಾದ ಎನ್‌ಎಸ್‌ಎಸ್‌ನ 75ನೇ ಸುತ್ತಿನದೇ (2017-18).

ಕೈಕೊಟ್ಟಿದ್ದು ಹೊರರೋಗಿ ಭಾಗ. ಹಿಂದಿನ 15 ದಿನದ ಖರ್ಚು ಕೇಳಿ, ವರ್ಷದ್ದು ಬರಲಿ ಅಂತ 24.33ರಿಂದ (365 ಭಾಗಿಸು 15) ಗುಣಿಸೋದು ರೂಢಿ. ಆದರೆ ಶುಗರ್, ಬಿಪಿ ಮಾತ್ರೆಯನ್ನು ಜನ ತಿಂಗಳಿಗೊಮ್ಮೆ ತರ್ತಾರೆ. 600 ರೂಪಾಯಿ ಮಾತ್ರೆ ಆ 15 ದಿನದೊಳಗೆ ಬಿದ್ದರೆ ವರ್ಷಕ್ಕೆ 14,600, ಹೊರಗೆ ಬಿದ್ದರೆ ಸೊನ್ನೆ. ನಿಜ 7,200ರ ಆಸುಪಾಸು. ದೇಶದಷ್ಟು ದೊಡ್ಡ ಮಾದರಿಯಲ್ಲಿ ಇದು ಸರಿದೂಗುತ್ತೆ, 400 ಮನೆಯಲ್ಲಿ ಅಂಕಿ ಕುಣಿಯುತ್ತೆ. ಅದಕ್ಕೇ ದುಡ್ಡು ಕೇಳುವ ಮುಂಚೆ ಮಾತ್ರೆ ಕವರ್ ತರಿಸಿ. ದಿನಕ್ಕೆಷ್ಟು, ಒಂದರ ಬೆಲೆ ಎಷ್ಟು ಬರೆದು 365ರಿಂದ ಗುಣಿಸಿ, 15 ದಿನದ ಕಾಲಂನಿಂದ ಆ ಮೊತ್ತ ತೆಗೆದುಬಿಡಿ. ಸ್ಟ್ರಿಪ್ ಕತ್ತರಿಸಿ ಕೊಟ್ಟಿದ್ದರೆ ಎಂಆರ್‌ಪಿ ಇರುವ ತುದಿಯೇ ಇರಲ್ಲ, ಆಗ ಅದೇ ಊರಿನ ಮೆಡಿಕಲ್ ಸ್ಟೋರಿನಲ್ಲಿ ವಿಚಾರಿಸಿ. ರಿಯಾಯಿತಿಯನ್ನೂ ಕಳೆಯಿರಿ.

ಒಳರೋಗಿಗೆ 365 ದಿನ. ತಾರೀಖು ಕೇಳಿದರೆ ಹೊಳೆಯಲ್ಲ. ಯುಗಾದಿ ಆಚೆಯೋ ಈಚೆಯೋ, ಕಬ್ಬು ಕಡಿಸುವ ಮುಂಚೆಯೋ ಆಮೇಲೋ ಅನ್ನಿ. ತೀರಿಕೊಂಡವರನ್ನು ಬಿಡಬೇಡಿ, ದೊಡ್ಡ ಬಿಲ್ಲುಗಳು ಅಲ್ಲೇ ಇರೋದು. ಆಯುಷ್ಮಾನ್ ಕಾರ್ಡಲ್ಲಿ ‘ಫ್ರೀ ಆಯ್ತು’ ಅಂದ ಮೇಲೂ ಹೊರಗೆ ಬರೆಸಿದ ಸ್ಕ್ಯಾನಿಂಗು, ಔಷಧಿ ಎಷ್ಟಾಯ್ತು ಅಂತ ಕೇಳಲೇಬೇಕು. ಅದನ್ನು ಯಾವ ಮಾತಲ್ಲಿ, ಯಾರೆದುರು ಕೇಳಬೇಕು ಅನ್ನೋದು ನಮ್ಮ ಗಣತಿದಾರರ ಗುಟ್ಟು, ಇಲ್ಲಿ ಬರೆಯಲ್ಲ.

ತಾಳೆ ನೋಡಲು ಕೆಲವು ಮೆಡಿಕಲ್ ಸ್ಟೋರುಗಳ ಮಾರಾಟದಿಂದಲೂ ಲೆಕ್ಕ ಹಾಕಿದೆವು. ಸೋಪು, ಹಾಲಿನ ಪುಡಿ, ಡೈಪರ್ ಜರಡಿ ಹಿಡಿದು ತೆಗೆದ ಮೇಲೆ ಮನೆಯ ಅಂಕಿಗೂ ಅಂಗಡಿಯದಕ್ಕೂ ಹತ್ತರಲ್ಲೊಂದು ಪಾಲು ಅಂತರ. ಕವರ್ ಬಿಚ್ಚದೆ ಮಾಡಿದ ಸುತ್ತಿನಲ್ಲಿ ಅರ್ಧಕ್ಕರ್ಧ ಇತ್ತು. ದೇಶದ ಲೆಕ್ಕದಲ್ಲಿ ಒಟ್ಟು ಆರೋಗ್ಯ ಖರ್ಚಿನಲ್ಲಿ ಜನರ ಜೇಬಿನ ಪಾಲು 2013-14ರ ಶೇ. 64.2ರಿಂದ 2021-22ಕ್ಕೆ ಶೇ. 39.4ಕ್ಕೆ ಇಳಿದಿದೆ. ಆದರೆ ಅದು 2017-18ರ ಸಮೀಕ್ಷೆಯನ್ನೇ ಹಿಗ್ಗಿಸಿ ತೆಗೆದ ಅಂಕಿ. ನಾನಂತೂ ಪೂರಾ ನಂಬಲ್ಲ.

ಬಸ್ಸು, ಜೆರಾಕ್ಸ್, ಕೂಲಿ ಸೇರಿ ಮನೆಗೆ ಹತ್ತಿರ ಹತ್ತಿರ 250 ರೂಪಾಯಿ ತಗುಲಿತು. ಟ್ಯಾಬ್ ಬಾಡಿಗೆ ದಂಡ.

ಸರ್ಕಾರದ ಕಡೆಯ ಖರ್ಚಿಗೆ ಬಜೆಟ್‌ನ ಲೆಕ್ಕ ಶೀರ್ಷಿಕೆ 2210 (ವೈದ್ಯಕೀಯ, ಸಾರ್ವಜನಿಕ ಆರೋಗ್ಯ), 2211 (ಕುಟುಂಬ ಕಲ್ಯಾಣ) ತೆಗೀರಿ. 4210 ಬಂಡವಾಳ, ಬೇರೆ ಇಡಿ. ಬಜೆಟ್ ಅಂದಾಜು ಬೇಡ, ಆದ ಖರ್ಚೇ ಬೇಕು. ಜಿಲ್ಲಾ ಪಂಚಾಯಿತಿಗೆ ಹೋದ ಅನುದಾನ ಎರಡು ಕಡೆ ಕಾಣಿಸಿಕೊಳ್ಳುತ್ತೆ. ಆರೋಗ್ಯ ರಕ್ಷಾ ಸಮಿತಿಗೆ ಕಟ್ಟಿದ ಶುಲ್ಕವೂ ಹಾಗೇ, ಮನೆಯವರೂ ಹೇಳಿರ್ತಾರೆ, ಸಮಿತಿ ಖರ್ಚಲ್ಲೂ ಬರುತ್ತೆ. ಒಂದು ಕಡೆ ಹೊಡೆದುಹಾಕಿ. ಮೈಸೂರಿನ ಸರ್ಕಾರಿ ಆಸ್ಪತ್ರೆಗಳಿಗೆ ಹೋದ ಮಂಡ್ಯದವರ ಪಾಲನ್ನು ಒಳರೋಗಿಗಳ ವಿಳಾಸದ ಮೇಲೆ ಬಿಡಿಸಿದ್ದೇವೆ. ಹೊರರೋಗಿಗೂ ಸದ್ಯಕ್ಕೆ ಅದೇ ಅನುಪಾತ.