ಕ್ರಾಪ್ಫೆನ್‌ಗೆ ಕೊನೆಗೂ ಬಿಳಿ ಪಟ್ಟಿ ಬಂತು

ಮ್ಯೂನಿಕ್‌ನಲ್ಲಿ ಫಾಷಿಂಗ್ (ಅಲ್ಲಿನ ಕಾರ್ನಿವಲ್ ಹಬ್ಬ) ಬಂದರೆ ಬೇಕರಿ ತುಂಬಾ ಕ್ರಾಪ್ಫೆನ್, ಅಂದರೆ ಈಸ್ಟ್ ಹಿಟ್ಟಿನ ಉಂಡೆ ಕರಿದು ಜಾಮ್ ತುಂಬಿದ ಸಿಹಿತಿಂಡಿ. ಮನೆಯಲ್ಲೇ ಕರಿಯೋಣ ಎಂದು ಹೊರಟೆ. ಎರಡು ಸಲವೂ ಹೊರಗೆ ಕಪ್ಪು, ಒಳಗೆ ಹಸಿ ಹಿಟ್ಟು. ಹೊರಗೆ ನಡುವಿನ ಸುತ್ತ ಇರಬೇಕಾದ ಬಿಳಿ ಪಟ್ಟಿಯ ಸುಳಿವೇ ಇಲ್ಲ.

ಮೊದಲು ಈಸ್ಟ್ ಮೇಲೆ ಅನುಮಾನಪಟ್ಟೆ. ಪಾಪ, ಅದರ ತಪ್ಪಲ್ಲ. ಥರ್ಮಾಮೀಟರ್ ಇಟ್ಟರೆ ಎಣ್ಣೆ 195 ಡಿಗ್ರಿ! ಪೂರಿಗೆ ಕಾಯಿಸುವ ಅಭ್ಯಾಸ, ಅಲ್ವಾ? ಉಂಡೆಗಳೂ ಸರಿಯಾಗಿ ಉಬ್ಬಿರಲಿಲ್ಲ.

ಈ ಸಲ ಅವು ಹತ್ತಿಯಂತೆ ಹಗುರಾಗುವವರೆಗೆ ಕಾದೆ. ಎಣ್ಣೆ 165–170 ಡಿಗ್ರಿ. ಮೇಲ್ಭಾಗ ಕೆಳಗೆ ಮಾಡಿ ಬಿಟ್ಟು, ಮುಚ್ಚಳ ಮುಚ್ಚಿದೆ. ಒಳಗಿನ ಆವಿಗೆ ಹಿಟ್ಟು ಒಣಗದೆ ಇನ್ನಷ್ಟು ಉಬ್ಬುತ್ತದೆ. ಎರಡು ನಿಮಿಷಕ್ಕೆ ತಿರುಗಿಸಿ, ಮುಚ್ಚಳವಿಲ್ಲದೆ ಇನ್ನೆರಡು ನಿಮಿಷ. ಎತ್ತರಕ್ಕೆ ತೇಲಿದವು, ಪಟ್ಟಿಯೂ ಬಂತು! ಮುಚ್ಚಳದ ನೀರು ಮಾತ್ರ ಎಣ್ಣೆಗೆ ಬೀಳಬಾರದು, ಸಿಡಿಯುತ್ತದೆ. ಒಳಗೆ ತುಂಬಿದ ಏಪ್ರಿಕಾಟ್ ಜಾಮ್ ಅಂಗಡಿಯದ್ದೇ.